ಗಲ್ಲಾದ ಕೀಲಿ

ಶೀತಲ್ ಹೋಟೆಲಿನ ಮೆಟ್ಟಿಲು ಹತ್ತಿದ್ದೇ ತಡ, ಗಲ್ಲಾದಲ್ಲಿ ಕೂತಿದ್ದ ಮಾಲೀಕ ದೇವದಾಸ್ ಅವಳು ಕೇಳುವ ಮೊದಲೇ ಡ್ರಾಯರಿನಿಂದ ಒಂದು ಕೀಲಿ ತೆಗೆದು ಅವಳ ಕೈಗಿಟ್ಟ. ಅವಳೂ ಅಷ್ಟೇ ಸಲೀಸಾಗಿ ಇಸಿದುಕೊಂಡು, "ಕೂಡ್ರಿ ಅತ್ತಿ, ಬಂದೆ" ಎಂದವಳೇ ಹಿತ್ತಲ ಕಡೆ ಓಡಿದಳು. ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಕಾಶವ್ವ ಕುರ್ಚಿ ಎಳೆದು ಕೂತಳು. ಬರುವ ತಿಂಗಳು ತನ್ನ ಮಗ ಸಂಜುವಿನ ಕೈಹಿಡಿಯಬೇಕಾದ ಹುಡುಗಿಗೆ ಪುಣೆಯ ಕಾತ್ರಜದ ಹೋಟೆಲಿನವನು ಕೀಲಿ ಕೊಡುವುದೆಂದರೇನು?

ಇದೊಂದೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಹಿಂಜವಾಡಿಯಲ್ಲಿ ಸಂಜು ಹಿಡಿದಿರುವ ಫ್ಲ್ಯಾಟು ತೋರಿಸುತ್ತೇನೆಂದು ಹುಡುಗಿಯೇ ಕಾರು ತಂದು ಬಿಬವೇವಾಡಿಯ ಮನೆಯಿಂದ ಹೊರಡಿಸಿದ್ದಳು. ಪೆಟ್ರೋಲ್ ಪಂಪಿನಲ್ಲಿ ಕಸ ಗುಡಿಸುವ ಹೆಂಗಸು ಪೊರಕೆ ಬಿಟ್ಟು ಬಂದು, "ಕಾಯ್ ತಾಈ, ಬರಂ ಆಹೇ ನಾ ಆತಾ?" ಎಂದು ಇವಳ ಆರೋಗ್ಯ ವಿಚಾರಿಸಿದಳು. ಸಿಗ್ನಲ್ಲಿನಲ್ಲಿ ಫರ್ನಿಚರ್ ಅಂಗಡಿಯ ವಾಚ್‌ಮನ್ ಸಲಾಮು ಹೊಡೆದ. ಲಗ್ನಕ್ಕೆ ಮೊದಲೇ ಊರ ತುಂಬ ಇಷ್ಟು ಬೀಗರು ಇವಳಿಗೆ ಎಲ್ಲಿಂದ ಹುಟ್ಟಿಕೊಂಡರು? ಈ ಸಂಬಂಧ ಬೇಕೋ ಬೇಡವೋ ಎಂದು ಕಾಶವ್ವ ಆಗಿನಿಂದಲೇ ತೂಗುತ್ತಿದ್ದಳು.

ವೇಟರ್ ನೀರು ತಂದಿಟ್ಟ. ಕಾಶವ್ವ ಗ್ಲಾಸಿನ ಮೇಲೆ ಅಂಗೈ ಮುಚ್ಚಿದಳು. ಪುಣೆಗೆ ಸೊಸೆಯಾಗಿ ಬಂದಾಗಿನಿಂದ ಹೊಸ್ತಿಲು ದಾಟಿದ ಮೇಲೆ ಆಕೆ ಹನಿ ನೀರು ಕುಡಿದವಳಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಗಂಡಸರಿಗಾದರೆ ಊರೆಲ್ಲ ಗೋಡೆ. ಬಜಾರಿಗೆ ಹೋದಾಗಲೆಲ್ಲ ಒಣಗಿದ ನಾಲಿಗೆ, ತಲೆನೋವು ಹೊತ್ತು ಮನೆಗೆ ಬರುವುದೇ ರೂಢಿಯಾಗಿತ್ತು.

ಶೀತಲ್ ಕೈ ಒರೆಸಿಕೊಳ್ಳುತ್ತ ಬಂದು, ಕೀಲಿ ಹಿಂತಿರುಗಿಸಿ ಎದುರಿಗೆ ಕೂತಳು.

"ಯಾವ ಖೋಲಿ ಕೀಲಿಯವಾ ಅದು?"

ಶೀತಲ್ ಕಣ್ಣು ಪಿಳಿಪಿಳಿ ಬಿಟ್ಟಳು. ಅತ್ತೆಯ ಮನಸ್ಸಿನಲ್ಲಿದ್ದದ್ದು ಲಾಡ್ಜಿನ ಕೋಣೆ ಎಂದು ಹೊಳೆದಾಗ ನಗು ತಡೆಯಲು ತುಟಿ ಕಚ್ಚಿದಳು. "ಸಂಡಾಸದ್ದರಿ, ಅತ್ತಿ."

ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದಳು. ಎರಡು ವರ್ಷ ಹೊಟ್ಟೆನೋವು, ಭೇದಿ, ರಕ್ತ. ಒಬ್ಬ ಡಾಕ್ಟರು ಆಸಿಡಿಟಿ ಅಂದರು, ಇನ್ನೊಬ್ಬರು ಆಫೀಸಿನ ಟೆನ್ಶನ್ ಅಂದರು, ಸೋದರತ್ತೆ ದೃಷ್ಟಿ ತೆಗೆದಳು. ಕಡೆಗೆ ಕರುಳಿಗೆ ಕ್ಯಾಮೆರಾ ಇಳಿಸಿ, ಚೂರು ತೆಗೆದು ತಪಾಸಣೆ ಮಾಡಿದಾಗ ಜಡ್ಡಿನ ಹೆಸರು ಸಿಕ್ಕಿತು: ಕ್ರೋನ್ಸ್.

"ಪೂರಾ ಹೋಗೋ ಜಡ್ಡಲ್ರಿ. ಇಂಜೆಕ್ಷನ್ ತಗೋತ ಇದ್ರ ಸುಮ್ಮನಿರ್ತದ. ಒಮ್ಮೊಮ್ಮೆ ಏಳ್ತದ, ಆವಾಗ ಓಡಬೇಕು. ಅದಕ್ಕ ಹಾದ್ಯಾಗ ಸ್ವಚ್ಛ ಸಂಡಾಸ ಎಲ್ಲೆಲ್ಲಿ ಅದ, ಕೀಲಿ ಯಾರ ಕಡೆ ಇರ್ತದ, ಎಲ್ಲಾ ಬಾಯಿಪಾಠ."

"ಸಂಜೂಗ ಗೊತ್ತದೇನು?"

"ಮೊದಲನೇ ದಿನಾನ ಹೇಳೇನ್ರಿ. ಅವರೇ, ಲಗ್ನ ಆದಮ್ಯಾಲ ನಿಮಗ ಹೇಳೂಣು ಅಂದ್ರು. ನನಗ ಸರಿ ಅನಸಲಿಲ್ಲ. ಇವತ್ತ ಹೇಳಬೇಕಂತನ ನಿಮ್ಮನ್ನ ಕರಕೊಂಡು ಬಂದೆ. ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ."

ಕಾಶವ್ವನಿಗೆ ಮಗನ ಮೇಲೆ ಕೆಂಡದಂಥ ಸಿಟ್ಟು ಬಂತು. ಹುಡುಗಿಯ ಮೇಲೂ ಒಂದಿಷ್ಟು ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದಳು, ಆಗಲಿಲ್ಲ. ಜಡ್ಡಿನ ಹೆದರಿಕೆ ಇರಲಿಲ್ಲವೆಂದಲ್ಲ. ತನ್ನ ಕೈಯ ಖಾರದ ಎಣ್ಣೆಗಾಯಿ ಈ ಹೊಟ್ಟೆಗೆ ಆಗಲಿಕ್ಕಿಲ್ಲ. ಆಗದಿದ್ದರೆ ಮೆತ್ತಗೆ ಅನ್ನ ಮಾಡಿದರಾಯಿತು. ಆದರೆ ಅದಕ್ಕಿಂತ ದೊಡ್ಡ ಮಾತೊಂದು ಅವಳ ತಲೆಯನ್ನು ಆಗಲೇ ಹೊಕ್ಕಿತ್ತು.

"ಹಿಂಜವಾಡಿ ಮುಟ್ಟೂತನಕ ಇಂಥವು ಇನ್ನ ಎಷ್ಟ ಅದಾವ?"

"ಮೂರು ಅದಾವ್ರಿ. ಒಂದ್ರಾಗ ಸಾಬೂನೂ ಇರ್ತದ."

ಕಾಶವ್ವ ಗ್ಲಾಸಿನ ಮೇಲಿನ ಅಂಗೈ ತೆಗೆದಳು. ಗಟಗಟ ಕುಡಿದು ಮುಗಿಸಿ, ಸೆರಗಿನಿಂದ ಬಾಯೊರೆಸಿಕೊಂಡು, ಖಾಲಿ ಗ್ಲಾಸನ್ನು ವೇಟರನತ್ತ ಸರಿಸಿದಳು.

"ಇನ್ನೊಂದು ತುಂಬಪಾ."