ಹಗ್ಗ ಸುತ್ತಿದ ಕಂಬ

"ಹದಿನೇಳು ಸೆಂಟಿಮೀಟರ್!" ಸೋಫಾದ ಮುಂದೆ ಮಂಡಿಯೂರಿ ಕೂತಿದ್ದ ಮಾವ ಅಳತೆಪಟ್ಟಿಯನ್ನು ಚಟ್ಟನೆ ಸುತ್ತಿ ಕೂಗಿದರು. "ನಿನ್ನೆ ಹನ್ನೊಂದಿತ್ತು. ಹೀಗೇ ಹೋದ್ರೆ ಬರೋ ತಿಂಗಳು ನಾವು ಬರೀ ಸ್ಪ್ರಿಂಗ್ ಮೇಲೆ ಕೂತ್ಕೊಂಡು ಟೀವಿ ನೋಡ್ಬೇಕು."

ಮೂವತ್ತು ವರ್ಷ ಸರ್ವೇಯರ್ ಆಗಿ ಬೆಟ್ಟಗುಡ್ಡ ಅಳೆದು ನಿವೃತ್ತರಾದ ಮನುಷ್ಯ. ಒಂದು ಸಲ ಪಟ್ಟಿ ಹಿಡಿದರೆಂದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ಕೃತಕ ಹಲ್ಲು ತಯಾರಿಸುವ ಲ್ಯಾಬಿನಿಂದ ಆಗತಾನೇ ಬಂದ ಸೊಸೆ ಬಾಗಿಲಲ್ಲೇ ನಿಂತಳು. ಹೊಸ ಸೋಫಾದ ತೋಳಿನಿಂದ ನೂಲು ಗಡ್ಡದ ಹಾಗೆ ಇಳಿಬಿದ್ದಿತ್ತು. ಅದರ ಕೆಳಗೆ ಅವಳ ಬೆಕ್ಕು ಚಿನ್ನಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಾಲ ನೆಕ್ಕುತ್ತ ಕೂತಿತ್ತು.

"ಭಾನುವಾರ ಸಂಜೆ ಐದು ಗಂಟೆ. ಅಷ್ಟರೊಳಗೆ ಇದು ಬುದ್ಧಿ ಕಲೀಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡು ಇದಕ್ಕೆ," ಎಂದರು ಮಾವ. ಹಡಗಿನಲ್ಲಿ ಕೆಲಸಕ್ಕಿದ್ದ ಗಂಡನಿಗೆ ಫೋನ್ ಮಾಡಿದರೆ, "ನೀವು ಮೂರೂ ಜನ ಕೂತು ತೀರ್ಮಾನ ಮಾಡ್ಕೊಳ್ಳಿ," ಎಂದು ಕೈತೊಳೆದುಕೊಂಡ.

ಸೊಸೆ ಟೊಂಕ ಕಟ್ಟಿ ನಿಂತಳು. ಕಿತ್ತಳೆ ಸಿಪ್ಪೆಯ ವಾಸನೆ ಬೆಕ್ಕಿಗಾಗದು ಎಂದು ಯಾರೋ ಹೇಳಿದ್ದರು. ಸೋಫಾದ ಸುತ್ತ ಸಿಪ್ಪೆ ಹರಡಿದಳು. ಚಿನ್ನಿ ಎರಡು ಸಲ ಸೀನಿ, ಇನ್ನೊಂದು ತೋಳನ್ನು ಕೆರೆಯಲು ಶುರುಮಾಡಿತು. ಎರಡೂ ಕಡೆ ಅಂಟುವ ಟೇಪು ತಂದು ಮೆತ್ತಿದಳು. ಅದಕ್ಕೆ ಮಾವನೇ ಸಿಕ್ಕಿಬಿದ್ದರು. ಪೇಪರ್ ಓದಿ ಎದ್ದಾಗ ಪೈಜಾಮದ ಜೊತೆಗೆ ದಿಂಬೂ ಎದ್ದು, ಅಡುಗೆಮನೆವರೆಗೆ ಅವರ ಹಿಂದೆ ತೂಗಾಡುತ್ತ ಬಂತು. ಕೊನೆಗೆ ನೀರು ಚಿಮುಕಿಸುವ ಸೀಸೆ. ಚಿನ್ನಿಗೆ ಗುರಿಯಿಟ್ಟಳು, ಚಿನ್ನಿ ಕಾಲಿಗೆ ಬುದ್ಧಿ ಹೇಳಿತು, ನೀರು ನೇರ ಮಾವನ ಕನ್ನಡಕಕ್ಕೆ ಹೋಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನು ಇಪ್ಪತ್ತಾರು ಗಂಟೆ," ಎಂದಷ್ಟೇ ಹೇಳಿದರು.

ಪ್ರಾಣಿಗಳ ಡಾಕ್ಟರಮ್ಮ ಫೋನಿನಲ್ಲಿ ನಕ್ಕುಬಿಟ್ಟರು. "ಬೆಕ್ಕಿಗೆ ಕೆರೀಬೇಡ ಅಂದ್ರೆ ಉಸಿರಾಡಬೇಡ ಅಂದ ಹಾಗಮ್ಮ. ಕೆರೆಯೋಕೆ ಬೇರೆ ಜಾಗ ಕೊಡಿ. ಸೋಫಾ ಪಕ್ಕದಲ್ಲೇ ಒಂದು ಕಂಬ ನಿಲ್ಲಿಸಿ, ನಾರಿನ ಹಗ್ಗ ಸುತ್ತಿ. ಅಲ್ಲಾಡಬಾರದು, ಅಷ್ಟೇ."

ಶನಿವಾರ ಸಂಜೆಯೇ ಮರದಂಗಡಿಯಿಂದ ಕಂಬ ಬಂತು. ಸೊಸೆ ನಿಲ್ಲಿಸಿದ್ದನ್ನು ನೋಡಿ ಮಾವನಿಗೆ ತಡೆಯಲಾಗಲಿಲ್ಲ. "ಅದೇನಮ್ಮ, ಕುಡಿದೋನ ಹಾಗೆ ವಾಲಿದೆ!" ಎಂದು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೇರ ನೋಡಿ, ನೆಲಕ್ಕೂ ಸೂರಿಗೂ ಸೇರಿಸಿ ಕಂಬವನ್ನು ಬಿಗಿದೇಬಿಟ್ಟರು. ಹಗ್ಗ ಎಷ್ಟು ಎತ್ತರಕ್ಕೆ ಬೇಕು? ಬೆಕ್ಕನ್ನು ಅಳೆಯಬೇಕಾಯಿತು. ಸೊಸೆ ಎತ್ತಿ ಹಿಡಿದಳು, ಮಾವ ಪಟ್ಟಿ ಹಿಡಿದರು. ಮೊದಲ ಸಲ ಅರವತ್ತೆರಡು ಬಂತು, ಎರಡನೇ ಸಲ ಎಪ್ಪತ್ತೊಂದು, ಮೂರನೇ ಸಲ ಎಂಬತ್ತನಾಲ್ಕು.

"ಎಷ್ಟೊಂದು ಬೆಟ್ಟ ಅಳೆದಿದ್ದೀನಿ ಕಣಮ್ಮ," ಮಾವ ಬೆವರೊರೆಸಿಕೊಂಡರು. "ಒಂದೂ ಹೀಗೆ ಕೈಯಲ್ಲೇ ಉದ್ದ ಆಗ್ತಿರಲಿಲ್ಲ." ಸಿಟ್ಟಿಗೆ ಕಂಬದ ತುದಿಯವರೆಗೂ ಹಗ್ಗ ಸುತ್ತಿಬಿಟ್ಟರು. ಅರ್ಧಕ್ಕೆ ನಿಲ್ಲಿಸಿದರೆ ಅಸಹ್ಯ ಕಾಣುತ್ತದಂತೆ.

ಚಿನ್ನಿ ಕಂಬಕ್ಕೆ ಸೊಪ್ಪು ಹಾಕಲಿಲ್ಲ. ಮೂಸಿ ನೋಡಿ ಮೂಗು ಮುರಿದು ಸೋಫಾಕ್ಕೇ ಹೋಯಿತು. "ಯಾರಾದ್ರೂ ಮಾಡಿ ತೋರಿಸ್ಬೇಕಮ್ಮ," ಎಂದರು ಡಾಕ್ಟರಮ್ಮ ಮತ್ತೆ ಫೋನಿನಲ್ಲಿ. ಭಾನುವಾರ ಬೆಳಿಗ್ಗೆಯಿಂದ ಸೊಸೆ ನಾಲ್ಕು ಕಾಲಲ್ಲಿ ಹೋಗಿ ಹತ್ತೂ ಉಗುರಿನಲ್ಲಿ ಕಂಬ ಕೆರೆದಳು, ಮಿಯಾಂವ್ ಎಂದಳು, ಮಧ್ಯಾಹ್ನದ ಹೊತ್ತಿಗೆ ಎರಡು ಉಗುರು ಮುರಿದುಕೊಂಡಳು. ಚಿನ್ನಿ ಸೋಫಾದ ಮೇಲೆ ಮಲಗಿ, ಪಾಪ ಇವಳಿಗೇನಾಯಿತೋ ಎಂಬಂತೆ ನೋಡುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದರು.

ನಾಲ್ಕೂಮುಕ್ಕಾಲಿಗೆ ಸೊಸೆ ಬುಟ್ಟಿಗೆ ಟವೆಲ್ ಹಾಸಿದಳು. ಐದಕ್ಕೆ ಲ್ಯಾಬಿನ ಗೆಳತಿ ಬಂದು ಚಿನ್ನಿಯನ್ನು ಕರೆದೊಯ್ಯುವವಳಿದ್ದಳು. ಹಾಲಿನ ಬಟ್ಟಲು ತರಲು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟು, ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತ ನಿಂತಳು. ನಲ್ಲಿ ನಿಲ್ಲಿಸಿದಾಗ ಕೇಳಿಸಿತು: ಕರ್, ಕರ್, ಕರ್. ಮತ್ತೆ ಸೋಫಾ! ಓಡಿ ಬಂದಳು.

ಸೋಫಾ ಖಾಲಿಯಿತ್ತು. ಮಾವ ಕಂಬಕ್ಕೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ ಮೇಲೆ ಕೆಳಗೆ, ಮೇಲೆ ಕೆಳಗೆ ಉಜ್ಜುತ್ತಿದ್ದರು. ಅಂಗಿ ಅರ್ಧ ಮೇಲೇರಿತ್ತು, ಕಣ್ಣು ಅರೆಮುಚ್ಚಿತ್ತು. ಅವರ ಕಾಲ ಬಳಿ ಚಿನ್ನಿ ಹಿಂಗಾಲ ಮೇಲೆ ನಿಂತು, ಮೈಯನ್ನು ಎಂಬತ್ತನಾಲ್ಕಕ್ಕೂ ಮೀರಿ ಚಾಚಿ, ಅದೇ ತಾಳಕ್ಕೆ ಹಗ್ಗ ಕೆರೆಯುತ್ತಿತ್ತು.

ಸೊಸೆ ಬುಟ್ಟಿಯ ಟವೆಲ್ ಎಳೆದು ಸೆರಗಿನಂತೆ ಬಾಯಿಗೆ ಒತ್ತಿಕೊಂಡಳು. ಪ್ರಯೋಜನವಾಗಲಿಲ್ಲ. ನಕ್ಕು ನಕ್ಕು ಬುಟ್ಟಿಯ ಮೇಲೇ ಕುಸಿದಳು, ಬುಟ್ಟಿ ಚಪ್ಪಟೆಯಾಯಿತು.

"ನಿನ್ನ ಫ್ರೆಂಡಿಗೆ ಬರಬೇಡ ಅಂತ ಹೇಳು," ಎಂದರು ಮಾವ, ಉಜ್ಜುವುದನ್ನು ನಿಲ್ಲಿಸದೆ. ಆಮೇಲೆ ಕಣ್ಣು ತೆರೆಯದೆಯೇ, "ನಿಮ್ಮತ್ತೆ ಹೋದಮೇಲೆ ಬೆನ್ನಿನ ಈ ನಡುಮಧ್ಯಕ್ಕೆ ಯಾರ ಕೈಯೂ ಮುಟ್ಟಿರಲಿಲ್ಲ ಕಣಮ್ಮ," ಎಂದರು.