ಶನಿವಾರ ಬೆಳಿಗ್ಗೆ ಮಾತ್ರ

ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ನರೇಶ್ ಸ್ಟಾರ್ಟ್ ಬಟನ್ ಒತ್ತಿದ. ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದು ಇಲ್ಲೂ ಕೈ ಕೊಡಲಿ ಎಂದು ಮೇಘನ ಬೇಡಿಕೊಂಡಿದ್ದಳು.

“ನೋಡ್ದೇನಪ್ಪ? ಗಾಡಿ ಸರಿಯಾಗೇ ಐತೆ. ಇವಳ ಕೈಗೆ ಆಗಿಬರಲ್ಲ, ಅಷ್ಟೇ,” ಎಂದರು ಅಪ್ಪ ಕೋದಂಡರಾಮಪ್ಪ. ಮೆಕ್ಯಾನಿಕ್‌ಗೆ ತೊಂದರೆ ಕಾಣದಿದ್ದರೆ ಮಗಳು ಇನ್ನು ಬೈಕು ಮುಟ್ಟುವಂತಿಲ್ಲ ಎಂದು ಅವರು ಮುಳಬಾಗಿಲಿಗೆ ಬರುವ ಮೊದಲೇ ಹೇಳಿದ್ದರು. ಬೈಕಿಲ್ಲದೆ ನಸುಕಿನ ಕಂಪನಿ ಬಸ್ಸು ಸಿಗುವುದಿಲ್ಲ. ಬಸ್ಸಿಲ್ಲದೆ ನರಸಾಪುರದ ಫ್ಯಾಕ್ಟರಿ ಕೆಲಸವಿಲ್ಲ.

“ಯಾವಾಗ ಕೈ ಕೊಡುತ್ತಕ್ಕ?” ನರೇಶ್ ಕೇಳಿದ.

“ಶನಿವಾರ ಬೆಳಿಗ್ಗೆ. ಬೇರೆ ದಿನ ಏನೂ ಆಗಲ್ಲ.”

“ಶನಿ ಹಿಡ್ದೈತೆ ಅನ್ನು,” ಅಪ್ಪ ನಕ್ಕರು.

ನರೇಶ್ ನಗಲಿಲ್ಲ. ಹ್ಯಾಂಡಲ್ಲಿನ ಸ್ವಿಚ್ಚು ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ತಾಮ್ರದ ಮೇಲೆ ಅರಿಸಿನ, ಕುಂಕುಮ ಪದರುಪದರಾಗಿ ಕೂತಿತ್ತು. “ಶುಕ್ರವಾರ ಸಂಜೆ ಪೂಜೆ ಮಾಡಿ ಬಟನ್‌ಗೇ ಇಡ್ತೀರ. ಹಸಿ ಮೆತ್ಕೊಂಡಿರುವಾಗ ಕರೆಂಟ್ ದಾಟಲ್ಲ, ಒಣಗಿ ಉದುರಿದ್ರೆ ಸರಿಹೋಗುತ್ತೆ. ಇದಕ್ಕೆ ವಾರಂಟಿ ಬರಲ್ಲ. ಯಾರಕ್ಕ ಇಡೋದು, ನೀವೇನಾ?”

ಮೇಘನ ಅಪ್ಪನ ಕಡೆ ನೋಡಿದಳು. ಮನೆಯಲ್ಲಿ ಅಪ್ಪನ ತಪ್ಪನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಅವರೂ ಒಪ್ಪಿಕೊಂಡಿದ್ದಿಲ್ಲ. ಇದೂ ತನ್ನ ತಲೆಗೇ ಬರುತ್ತದೆ, ಅವರು ಸುಮ್ಮನೆ ನಿಂತಿರುತ್ತಾರೆ ಎಂದುಕೊಂಡಳು. ಪಕ್ಕದ ಗಾಡಿಗೆ ನೀರು ಹೊಡೆಯುತ್ತಿದ್ದ ಪಂಪು ನಿಂತಿತು. ನರೇಶ್ ಕಾರಣ ಬರೆಯಲು ಜಾಬ್ ಕಾರ್ಡಿನ ಮೇಲೆ ಪೆನ್ನು ಹಿಡಿದು ಕಾದ.

“ಅವಳಲ್ಲಪ್ಪ,” ಎಂದರು ಕೋದಂಡರಾಮಪ್ಪ, ಮಗಳ ಕಡೆ ನೋಡದೆ. “ನಾನೇ ಇಡೋದು.”