ನಾಲ್ಕು ಭಾನುವಾರ

ಹಿಟ್ಟಿನ ಬೌರ್ಸಾಕ್ ಉಂಡೆಗಳನ್ನು ಕರಿದು ತಟ್ಟೆಯಲ್ಲಿ ತುಂಬಿಕೊಂಡು ಬಂದ ಕುಲ್ಯಾಶ್ ಒಳಗೆ ಕಾಲಿಟ್ಟವಳೇ ಮೊದಲು ನೋಡಿದ್ದು ಹುಡುಗಿಯ ಬಲಪಾದವನ್ನು. ನೆಟ್ಟಗಿತ್ತು. ಆಮೇಲೆ ತಲೆಯೆತ್ತಿ, "ಚೆನ್ನಾಗಿದ್ದೀಯಾ ಮಗಳೇ?" ಅಂದಳು. ಇಪ್ಪತ್ತೊಂದು ವರ್ಷಗಳಲ್ಲಿ ಅವಳು ಉಲ್ತುಗಾನಳ ಹೊಸ್ತಿಲು ದಾಟಿದ್ದು ಇದೇ ಮೊದಲು.

ಹುಡುಗಿ ಎದ್ದು ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡಳು. ಬೆಲ್ಜಿಯಮಿನಲ್ಲಿ ಅವಳ ಹೆಸರು ಫೆಮ್ಕೆ. ಈ ಊರಿನ ಅನಾಥ ಮಕ್ಕಳ ಶಿಶುಮಂದಿರದ ದಾಖಲೆಯಲ್ಲಿ ಶಿನಾರ್. ಅಲ್ಲಿ ಆಯಾ ಆಗಿದ್ದ ಉಲ್ತುಗಾನ್ ಹಗಲೂ ರಾತ್ರಿ ಎತ್ತಿ ಆಡಿಸಿದ ಕೂಸು. ಎರಡು ವರ್ಷ ಹಟ ಹಿಡಿದು ಕಝಾಕ್ ಮಾತು ಕಲಿತು, ಆಯಾಳ ಮನೆ ಹುಡುಕಿಕೊಂಡು ಬಂದು ಮೂರು ದಿನವಾಗಿತ್ತು. ಬೀದಿಗೆ ಬೀದಿಯೇ ಬಂದು ನೋಡಿ ಹೋಗಿತ್ತು. "ಪುಣ್ಯವಂತೆ ಕಣೇ ನೀನು" ಅಂದರು, ಹುಡುಗಿಯ ಕೋಟಿನ ಬಟ್ಟೆ ಮುಟ್ಟಿ ನೋಡಿದರು. ಪಕ್ಕದ ಮನೆಯ ಮುದುಕನಂತೂ, "ನಮ್ಮ ಮೊಮ್ಮಗನಿಗೂ ಅಲ್ಲೇ ಎಲ್ಲಾದ್ರೂ ಒಂದು ಕೆಲಸ ನೋಡವ್ವಾ" ಅಂದಿದ್ದ.

ಇಪ್ಪತ್ತೊಂದು ವರ್ಷದ ಹಿಂದೆ ಶಿಶುಮಂದಿರದ ಗೇಟಿನ ಮುಂದೆ ಸೇರಿದ್ದೂ ಇದೇ ಬೀದಿ. ಬೆಲ್ಜಿಯಮಿನ ಗಂಡ ಹೆಂಡತಿ ದತ್ತು ಪಡೆದ ಹದಿನಾಲ್ಕು ತಿಂಗಳ ಕೂಸನ್ನು ಅವಚಿಕೊಂಡು ಕಾರು ಹತ್ತುವಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ಕುಲ್ಯಾಶ್. "ಮಗೂನ ಮಾರ್ಕೊಂಡ್ರಲ್ಲೇ! ಅಲ್ಲಿ ಕಿಡ್ನಿ ಕೀಳ್ತಾರಂತೆ, ಗೊತ್ತೇನೇ ನಿಂಗೆ?" ಎಂದು ಉಲ್ತುಗಾನಳ ಶಾಲು ಹಿಡಿದು ಜಗ್ಗಿದ್ದಳು. ಅಂದಿನಿಂದ ಉಲ್ತುಗಾನಳಿಗೆ 'ಮಕ್ಕಳ ದಲ್ಲಾಳಿ' ಎಂಬ ಹೆಸರು ಅಂಟಿತು. ರೊಟ್ಟಿ ಅಂಗಡಿಯ ಸಾಲಿನಲ್ಲಿ ಹೆಂಗಸರು ಅವಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅವಳು ಯಾರಿಗೂ ಎದುರುತ್ತರ ಕೊಡಲಿಲ್ಲ.

ಉಲ್ತುಗಾನ್ ಮೂವರಿಗೂ ಬಟ್ಟಲಲ್ಲಿ ಹಾಲು ಹಾಕಿದ ಚಹಾ ಬಗ್ಗಿಸಿದಳು. ಶಿಶುಮಂದಿರ ಈಗಿಲ್ಲ, ಅಲ್ಲಿ ಮಂಚ, ಬೀರು ಮಾರುತ್ತಾರೆ. ಆದರೆ ಅವಳು ಹೇಳುತ್ತ ಹೋದಂತೆ ಎಲ್ಲ ಎದ್ದು ಬಂತು: ಮುಂಜಾನೆ ಹಾಲಿನಲ್ಲಿ ಬೇಯುತ್ತಿದ್ದ ರವೆಗಂಜಿಯ ವಾಸನೆ, ಬಿಸಿನೀರಿನ ಕೊಳವೆಗಳ ಮೇಲೆ ಒಣಹಾಕಿದ ಪುಟ್ಟ ಪುಟ್ಟ ಅಂಗಿಗಳು, ಮಧ್ಯಾಹ್ನ ಇಪ್ಪತ್ತು ಕೂಸುಗಳು ಒಟ್ಟಿಗೆ ನಿದ್ದೆ ಹೋದಾಗ ಕೇಳುತ್ತಿದ್ದ ಉಸಿರು, ಹೊರಗೆ ನದಿಯ ಕಡೆಯಿಂದ ಬೀಸುವ ಗಾಳಿ. "ನೀನು ಮಾತ್ರ ಮಲಗ್ತಿರ್ಲಿಲ್ಲ. ಬಾಗಿಲು ನೋಡ್ತಾ ಕೂತಿರ್ತಿದ್ದೆ" ಎಂದು ನಕ್ಕಳು.

"ಅಜ್ಜಿ, ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡಿ." ಹುಡುಗಿ ಮಾತು ಹುಡುಕಿ ಹುಡುಕಿ ಜೋಡಿಸಿದಳು. "ಈ ಊರಲ್ಲಿ ಯಾರಾದ್ರೂ... ನಾನು ಬೇಕು ಅಂದಿದ್ರಾ?"

ಉಲ್ತುಗಾನಳ ಕೈ ನಿಂತಿತು. ಹೊರದೇಶದವರಿಗೆ ತೋರಿಸುವ ಮೊದಲು ಮಗುವನ್ನು ಇಲ್ಲಿನವರಿಗೆ ತೋರಿಸಬೇಕೆಂಬ ನಿಯಮವಿತ್ತು. ಆರು ಮನೆಯವರು ಬಂದಿದ್ದರು. ಒಳಕ್ಕೆ ತಿರುಚಿಕೊಂಡಿದ್ದ ಆ ಪಾದ ನೋಡಿ ಹೆಚ್ಚಿನವರು ನಿಂತ ಕಾಲಲ್ಲೇ ಹಿಂದಿರುಗಿದ್ದರು. "ಬಂದಿದ್ರು ಮಗಳೇ. ಆದ್ರೆ ಆ ಕಾಲದಲ್ಲಿ..." ಎಂದು ತಡವರಿಸಿದಳು. ಕುಲ್ಯಾಶಳ ಕಡೆ ನೋಡಲಿಲ್ಲ.

"ಒಬ್ಬಳು ಬಂದಿದ್ಲು." ಕುಲ್ಯಾಶ್ ಬಟ್ಟಲು ಕೆಳಗಿಟ್ಟಳು. "ನಾಲ್ಕು ಭಾನುವಾರ ಬಂದ್ಲು. ನಿನ್ನ ಆ ಪಾದಾನ ತೊಡೆ ಮೇಲಿಟ್ಕೊಂಡು ನೀವ್ತಾ ಕೂತಿರ್ತಿದ್ಲು. ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ."

"ಐದನೇ ಭಾನುವಾರ?"

"ಅತ್ತೆ ಬಿಡ್ಲಿಲ್ಲ. ಯಾರ ರಕ್ತವೋ ಏನೋ, ಏಳು ತಲೆಮಾರಿನ ಹಿರೀಕರ ಹೆಸರಿಲ್ಲದ ಮಗು, ಅದೂ ಸೊಟ್ಟಕಾಲು, ನಮ್ಮನೇಗೆ ಬೇಡ ಅಂದ್ರು. ಗಂಡ ಬಾಯಿ ಬಿಡ್ಲಿಲ್ಲ. ಅವಳೂ ಬಿಡ್ಲಿಲ್ಲ." ಕುಲ್ಯಾಶ್ ಕೈಗಳನ್ನು ಮಡಿಲಲ್ಲಿ ಹಿಸುಕಿಕೊಂಡಳು. "ಆಮೇಲೆ ಗೇಟಿನ ಹತ್ರ ಬಾಯಿ ಬಿಟ್ಲು. ಯಾರ ಮೇಲೆ ಬಿಡಬಾರದಿತ್ತೋ ಅವ್ರ ಮೇಲೆ."

"ಚಹಾ ಆರಿ ಹೋಗುತ್ತೆ, ಕುಡಿಯೇ" ಅಂದಳು ಉಲ್ತುಗಾನ್. ಕುಲ್ಯಾಶಳ ಬಟ್ಟಲನ್ನು ತಾನೇ ಎತ್ತಿ ಅವಳ ಕೈಗಿಟ್ಟಳು.

ಹುಡುಗಿ ಇಬ್ಬರನ್ನೂ ನೋಡಿದಳು. ಆ ಹೆಂಗಸು ಯಾರೆಂದು ಕೇಳಲಿಲ್ಲ. ಜರುಗಿ ಕುಲ್ಯಾಶಳ ಹತ್ತಿರ ಕೂತು, "ಅವ್ರು ನನ್ನ ಶಿನಾರ್ ಅಂತಲೇ ಕರೀತಿದ್ರಾ?" ಅಂದಳು.

"ಅದು ದಾಖಲೆ ಹೆಸರು. ಅವಳು ಬೇರೆ ಏನೋ ಕರೀತಿದ್ಲು, ನಮ್ಮ ಕಡೆ ಮುದ್ದಿನ ಕೂಸುಗಳನ್ನ ಕರೆಯೋ ಹಾಗೆ." ಕುಲ್ಯಾಶ್ ಕಿಟಕಿಯತ್ತ ತಿರುಗಿದಳು. ಹೇಳಲು ಹೊರಟ ದನಿ ತಾನಾಗಿಯೇ ಎಳೆದುಕೊಂಡಿತು, ತೊಟ್ಟಿಲ ಪಕ್ಕ ನಿಂತು ಕರೆದ ಹಾಗೆ. "ಒಂಟೆಮರೀ... ನನ್ನ ಒಂಟೆಮರೀ..."

"ಓ" ಎಂದು ಓಗೊಟ್ಟಳು ಹುಡುಗಿ.